ಪಕ್ಕಪಕ್ಕದಲ್ಲಿ ಎರಡು ಬೇಲೂರು

ಬೇಲೂರು, ಹಳೇಬೀಡು, ಅರಸೀಕೆರೆ ಎಂದು ಕನ್ನಡದಲ್ಲೇ ಹೆಸರಿಟ್ಟು ಮೂರು ಫೋಲ್ಡರ್ ಮಾಡಿ. ಒಳಗೆ ಶಿಲ್ಪಗಳ ಫೋಟೋ, ಶಾಸನದ ಪಾಠ, ಪ್ರವಾಸದ ವಿಡಿಯೋ, ಏನಾದರೂ ತುಂಬಿ. ಅವು ಅರಸೀಕೆರೆಯ ಡಿಟಿಪಿ ಸೆಂಟರಿನ ವಿಂಡೋಸ್‌ನಿಂದ ಹೊರಟು, ಮದುವೆ ಆಲ್ಬಂ ಮಾಡುವವರ ಮ್ಯಾಕ್ ಹೊಕ್ಕು, ಕೊನೆಗೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರ ಲಿನಕ್ಸ್ ಕಂಪ್ಯೂಟರಿಗೆ ಬರಲಿ. (ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸ್‌ನಲ್ಲಿ, ಗಡಿಯಾಚೆಯ ನಮ್ಮ ಮಕ್ಕಳು ಆ ಮಟ್ಟಿಗೆ ನಮಗಿಂತ ಮುಂದೆ.) ಅಷ್ಟು ಹೊತ್ತಿಗೆ ಮೂರು ಫೋಲ್ಡರ್ ನಾಲ್ಕಾಗಿರಬಹುದು, ಫೋಟೋಗಳ ಕ್ರಮ ಕಲಸಿಹೋಗಿರಬಹುದು, ನೀವು ಹಾಕದೇ ಇದ್ದ ಫೈಲುಗಳು ಕಾಣಿಸಬಹುದು. ಅಂಗಡಿಯವರ ತೀರ್ಪು ಸಿದ್ಧವಾಗಿಯೇ ಇರುತ್ತದೆ: ‘ವೈರಸ್ ಸಾರ್, ಫಾರ್ಮ್ಯಾಟ್ ಮಾಡ್ಬೇಕು.’

ಬಹುಪಾಲು ಸಲ ಅದು ವೈರಸ್ ಅಲ್ಲ. ಪ್ರೋಗ್ರಾಂಗಳು ಫೋಲ್ಡರ್ ಓದುವುದಕ್ಕೆ ಒಂದು ಮಾನದಂಡವಿದೆ. ಅದು ಕೊಡುವ ಮಾತು ತೀರಾ ಕಡಿಮೆ. ಉಳಿದದ್ದನ್ನೆಲ್ಲ ನಾವು, ಅಂದರೆ ಬಳಸುವವರೂ ಪ್ರೋಗ್ರಾಂ ಬರೆಯುವವರೂ, ಊಹಿಸಿಕೊಂಡಿದ್ದೇವೆ. ಆ ಊಹೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಫೋಲ್ಡರ್ ತೆರೆದು ಓದುವುದರಲ್ಲೇನಿದೆ? ಅದಕ್ಕೊಂದು ಮಾನದಂಡ ಬೇರೆ ಬೇಕೇ?

ವಾಸ್ತವ: 1970ರ ದಶಕದಲ್ಲಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ರೂಪಿಸಿದವರೂ ಹೀಗೆಯೇ ಅಂದುಕೊಂಡಿದ್ದರು. ಆಗ ಡೈರೆಕ್ಟರಿ (ಫೋಲ್ಡರಿಗೆ ಅವರಿಟ್ಟ ಹೆಸರು) ಎಂದರೆ ಉಳಿದ ಫೈಲುಗಳಂಥದೇ ಒಂದು ಫೈಲು. ಅದರೊಳಗೆ 16 ಬೈಟ್‌ಗಳ ಸಾಲುಗಳು: ಮೊದಲ 2 ಬೈಟ್‌ನಲ್ಲಿ ಫೈಲಿನ ಆಂತರಿಕ ಸಂಖ್ಯೆ, ಉಳಿದ 14 ಬೈಟ್‌ನಲ್ಲಿ ಹೆಸರು. ಪಟ್ಟಿ ಬೇಕಾದ ಪ್ರೋಗ್ರಾಂ ಈ ಫೈಲನ್ನು ನೇರವಾಗಿ ತೆರೆದು ಹದಿನಾರು ಹದಿನಾರು ಬೈಟ್ ಓದಿಕೊಳ್ಳುತ್ತಿತ್ತು. ಸಂಖ್ಯೆ ಸೊನ್ನೆ ಇದ್ದರೆ ಅಳಿಸಿದ ಸಾಲು, ದಾಟಿ ಮುಂದಕ್ಕೆ ಹೋಗು. ಇಷ್ಟು ಸುಲಭವಾಗಿದ್ದರಿಂದಲೇ ಪ್ರತಿಯೊಂದು ಪ್ರೋಗ್ರಾಮೂ ಈ ನಾಲ್ಕು ಸಾಲಿನ ಕೋಡನ್ನು ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿತು.

14 ಬೈಟ್ ಎಂದರೆ ಎಷ್ಟು ಎಂದು ಕನ್ನಡದ ಲೆಕ್ಕದಲ್ಲಿ ನೋಡಿ. ಇವತ್ತಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್. ‘ಬೇಲೂರು’ ಎಂದರೆ ಬ, ಏಕಾರ, ಲ, ಊಕಾರ, ರ, ಉಕಾರ: 6 ಚಿಹ್ನೆ, 18 ಬೈಟ್. ಹಿಡಿಸುವುದಿಲ್ಲ. ಊರಿನ ಹೆಸರು ಹಾಗಿರಲಿ, ‘ಸ್ತ್ರೀ’ ಎಂಬ ಒಂದೇ ಅಕ್ಷರ ಕೂಡ ಹಿಡಿಸುವುದಿಲ್ಲ; ಅದಕ್ಕೂ 18 ಬೈಟ್ ಬೇಕು.

1983ರ ಆಗಸ್ಟ್‌ನಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರು 4.2ಬಿಎಸ್‌ಡಿ ಎಂಬ ಯೂನಿಕ್ಸ್ ಬಿಡುಗಡೆ ಮಾಡಿದರು. ಮಾರ್ಷಲ್ ಕರ್ಕ್ ಮೆಕ್ಯುಸಿಕ್ ಮತ್ತು ಸಂಗಡಿಗರು ರೂಪಿಸಿದ ಹೊಸ ಫೈಲ್ ಸಿಸ್ಟಂ ಅದರಲ್ಲಿತ್ತು. ಹೆಸರು 255 ಬೈಟ್‌ವರೆಗೆ ಇರಬಹುದು, ಸಾಲಿನ ಉದ್ದ ಹೆಸರಿಗೆ ತಕ್ಕಂತೆ. ಅಲ್ಲಿಗೆ 16 ಬೈಟ್ ಲೆಕ್ಕ ಹಾಕುತ್ತಿದ್ದ ಅಷ್ಟೂ ಪ್ರೋಗ್ರಾಂಗಳು ಕೈಕೊಟ್ಟವು. ಇನ್ನು ಮೇಲೆ ಯಾರೂ ನೇರವಾಗಿ ಕೈ ಹಾಕಬೇಡಿ, ಈ ಮೂವರನ್ನು ಕೇಳಿ ಎಂದು ಬರ್ಕ್ಲಿಯವರು ಕೊಟ್ಟದ್ದು ಓಪನ್‌ಡಿರ್, ರೀಡ್‌ಡಿರ್, ಕ್ಲೋಸ್‌ಡಿರ್ ಎಂಬ ಫಂಕ್ಷನ್‌ಗಳು. ಒಂದು ತೆರೆಯುತ್ತದೆ, ಇನ್ನೊಂದು ಕರೆದಾಗಲೆಲ್ಲ ಮುಂದಿನ ಒಂದು ಹೆಸರು ಕೊಡುತ್ತದೆ, ಮತ್ತೊಂದು ಮುಚ್ಚುತ್ತದೆ. ಒಳಗೆ ಸಾಲು ಹೇಗಿದೆ ಎಂಬುದು ಪ್ರೋಗ್ರಾಮಿಗೆ ಬೇಡದ ವಿಷಯವಾಯಿತು. ಎಟಿ ಅಂಡ್ ಟಿಯ ಸಿಸ್ಟಂ ಫೈವ್ ಮಾತ್ರ ಇನ್ನೂ ಹಳೆಯ 14 ಬೈಟ್‌ನಲ್ಲೇ ಇತ್ತು. ಅಂಥ ಯಂತ್ರಗಳಲ್ಲೂ ಇದೇ ಮೂರು ಫಂಕ್ಷನ್ ನಡೆಯುವಂತೆ ಅಮೆರಿಕದ ಡಗ್ ಗ್ವಿನ್ ಎಂಬವರು ಕೋಡ್ ಬರೆದು ಎಲ್ಲರಿಗೂ ಬಿಟ್ಟಿ ಹಂಚಿದರು. 1988ರಲ್ಲಿ ಐಇಇಇ ಸಂಸ್ಥೆಯ ಪಾಸಿಕ್ಸ್ ಮಾನದಂಡ ಬಂದಾಗ ಈ ಪದ್ಧತಿಗೆ ಮುದ್ರೆ ಬಿತ್ತು. ಇವತ್ತು ಲಿನಕ್ಸ್‌ನಲ್ಲಿ ಡೈರೆಕ್ಟರಿಯನ್ನು ಮಾಮೂಲಿ ಫೈಲಿನಂತೆ ಓದಲು ಹೋದರೆ ‘ಇದು ಡೈರೆಕ್ಟರಿ’ ಎಂದು ಎರರ್ ಕೊಟ್ಟು ಕಳಿಸುತ್ತದೆ.

ಪ್ರತಿ ಸಾಲಿನಲ್ಲೂ ಇರಲೇಬೇಕು ಎಂದು ಪಾಸಿಕ್ಸ್ ಕಡ್ಡಾಯ ಮಾಡಿದ್ದು ಒಂದನ್ನೇ: ಹೆಸರು. ಅಳತೆಯಿಲ್ಲ, ತಾರೀಖಿಲ್ಲ, ಕ್ರಮವಿಲ್ಲ. ಇದು ಕೊರತೆಯಲ್ಲ, ಜಾಣತನ ಎಂದು ನನ್ನ ಅಭಿಪ್ರಾಯ. ಹೆಚ್ಚು ಕೇಳಿದ್ದರೆ ಅರ್ಧಕ್ಕರ್ಧ ಯಂತ್ರಗಳು ಮಾನದಂಡದ ಆಚೆಗೇ ಉಳಿದುಬಿಡುತ್ತಿದ್ದವು.

ತಪ್ಪು ಕಲ್ಪನೆ: ವಿಂಡೋಸ್ ಒಂದು ಬೇಕೆಂದೇ ಬೇರೆ ದಾರಿ ಹಿಡಿಯಿತು.

ವಾಸ್ತವ: ವಿಂಡೋಸಿನ ದಾರಿಯೂ ಅಷ್ಟೇ ಹಳೆಯದು. ಎಂಎಸ್-ಡಾಸ್‌ಗೆ ಡೈರೆಕ್ಟರಿಗಳು ಬಂದದ್ದು 2.0 ಆವೃತ್ತಿಯಲ್ಲಿ, ಅದೂ 1983ರಲ್ಲೇ. ‘ಮೊದಲನೆಯದನ್ನು ಹುಡುಕು, ಮುಂದಿನದನ್ನು ಹುಡುಕು’ ಎಂಬ ಜೋಡಿ ಅಲ್ಲಿಂದ ಬಂದು, ವಿಂಡೋಸಿನ ಫೈಂಡ್‌ಫಸ್ಟ್‌ಫೈಲ್, ಫೈಂಡ್‌ನೆಕ್ಸ್ಟ್‌ಫೈಲ್ ಆಗಿ ಇವತ್ತಿಗೂ ನಡೆದಿದೆ. ಟರ್ಬೋ ಸಿ ನೀಲಿ ಪರದೆಯ ಮುಂದೆ ಕೂತು ಕಲಿತ ನಮ್ಮ ತಲೆಮಾರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಜೋಡಿಯೇ ಮೊದಲ ಪರಿಚಯ.

ಎರಡಕ್ಕೂ ಇರುವ ವ್ಯತ್ಯಾಸ ಚಿಕ್ಕದು, ಕಚ್ಚುವಂಥದು. ಯೂನಿಕ್ಸ್‌ನಲ್ಲಿ ತೆರೆಯುವುದು ಬೇರೆ, ಓದುವುದು ಬೇರೆ. ವಿಂಡೋಸಿನಲ್ಲಿ ತೆರೆಯುವಾಗಲೇ ಮೊದಲ ಹೆಸರು ಕೈಗೆ ಬಂದಿರುತ್ತದೆ. ಯೂನಿಕ್ಸ್ ರೂಢಿಯಲ್ಲಿ ಲೂಪ್ ಬರೆದು ವಿಂಡೋಸಿಗೆ ಒಗ್ಗಿಸಿದವರು ಆ ಮೊದಲ ಫೈಲನ್ನು ಕಳೆದುಕೊಳ್ಳುತ್ತಾರೆ. ನೂರು ಫೋಟೋ ಹಾಕಿದರೆ ತೊಂಬತ್ತೊಂಬತ್ತೇ ಬಂದವು ಎಂಬ ದೂರಿನ ಹಿಂದೆ ಇಂಥದೊಂದು ಲೂಪ್ ಇರುವುದುಂಟು. ಈಗ ಪೈಥಾನ್, ಗೋ ಮುಂತಾದ ಭಾಷೆಗಳು, 2017ರ ಮಾನದಂಡದಿಂದೀಚೆಗೆ ಸಿ++ ಕೂಡ, ಎರಡರ ಮೇಲೂ ಒಂದೇ ಹೊದಿಕೆ ಹೊದಿಸಿವೆ. ಹೊಸದಾಗಿ ಕಲಿಯುವವರು ಅದನ್ನೇ ಹಿಡಿಯುವುದು ಒಳ್ಳೆಯದು. ಆದರೆ ಹೊದಿಕೆಯ ಕೆಳಗಿನ ವ್ಯತ್ಯಾಸಗಳು ಪೂರ್ತಿ ಮರೆಯಾಗುವುದಿಲ್ಲ, ಮುಂದೆ ನೋಡಿ.

ತಪ್ಪು ಕಲ್ಪನೆ: ಫೋಲ್ಡರ್ ಓದಿದರೆ ಹೆಸರುಗಳು ಅಕಾರಾದಿಯಾಗಿ ಬರುತ್ತವೆ.

ವಾಸ್ತವ: ಬರುತ್ತವೆ ಎಂದು ಯಾವ ಮಾನದಂಡವೂ ಹೇಳಿಲ್ಲ. ಪಾಸಿಕ್ಸ್ ಹೇಳಿಲ್ಲ, ಸಿ++ ಹೇಳಿಲ್ಲ, ಮೈಕ್ರೋಸಾಫ್ಟ್ ಕೂಡ ಕ್ರಮಕ್ಕೆ ಖಾತ್ರಿಯಿಲ್ಲ ಎಂದೇ ಬರೆದಿದೆ. ಆದರೂ ಈ ಕಲ್ಪನೆ ಗಟ್ಟಿಯಾಗಿ ಕೂತಿರುವುದಕ್ಕೆ ಕಾರಣ, ವಿಂಡೋಸಿನ ಹಾರ್ಡ್‌ಡಿಸ್ಕ್‌ನಲ್ಲಿರುವ ಎನ್‌ಟಿಎಫ್‌ಎಸ್ ಎಂಬ ಫೈಲ್ ಸಿಸ್ಟಂ ಹೆಸರುಗಳನ್ನು ಜೋಡಿಸಿಯೇ ಇಟ್ಟುಕೊಳ್ಳುತ್ತದೆ. ಅಲ್ಲಿ ಬರೆದು, ಅಲ್ಲೇ ಪರೀಕ್ಷೆ ಮಾಡಿದವರಿಗೆ ಅನುಮಾನವೇ ಬರುವುದಿಲ್ಲ. ಲಿನಕ್ಸ್‌ನ ಇಎಕ್ಸ್‌ಟಿ4 ಹೆಸರಿನಿಂದ ಒಂದು ಗಣಿತದ ಸಂಖ್ಯೆ ಹುಟ್ಟಿಸಿಕೊಂಡು ಅದರ ಪ್ರಕಾರ ಕೊಡುತ್ತದೆ. ಒಂದೇ ಫೋಲ್ಡರನ್ನು ಎರಡು ಡಿಸ್ಕ್‌ಗೆ ಕಾಪಿ ಮಾಡಿದರೆ ಎರಡರಲ್ಲೂ ಬೇರೆ ಬೇರೆ ಕ್ರಮ ಬರಬಹುದು.

ಪೆನ್‌ಡ್ರೈವಿನಲ್ಲಿ ಸಾಮಾನ್ಯವಾಗಿರುವ ಫ್ಯಾಟ್ ಎಂಬ ಫೈಲ್ ಸಿಸ್ಟಂನಲ್ಲಿ ಬರೆದ ಕ್ರಮವೇ ಓದುವ ಕ್ರಮ. ನಡುವೆ ಒಂದು ಅಳಿಸಿದರೆ ಆ ಖಾಲಿ ಜಾಗಕ್ಕೆ ಹೊಸದು ಬಂದು ಕೂರುತ್ತದೆ. ಹಾಸನದಿಂದ ಹಳೇಬೀಡಿಗೆ ಹೊರಟ ಟ್ಯಾಕ್ಸಿಯಲ್ಲಿ ಪೆನ್‌ಡ್ರೈವ್ ಚುಚ್ಚಿದರೆ, ನೀವು ಒಂದು ಎರಡು ಎಂದು ನಂಬರ್ ಹಾಕಿದ ಹಾಡುಗಳು ಹೇಗೆ ಹೇಗೋ ಬರುವುದು ಇದರಿಂದಲೇ. ಅನೇಕ ಅಗ್ಗದ ಸ್ಟೀರಿಯೋಗಳು ಪಟ್ಟಿಯನ್ನು ಜೋಡಿಸುವ ಗೋಜಿಗೆ ಹೋಗದೆ, ಸಿಕ್ಕ ಕ್ರಮದಲ್ಲೇ ಹಾಡುತ್ತವೆ. ಡ್ರೈವರಣ್ಣನನ್ನು ಬೈದು ಪ್ರಯೋಜನವಿಲ್ಲ.

ಇದು ಹಾಡಿನ ಮಟ್ಟದಲ್ಲೇ ಉಳಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅಣುಗಳ ರಚನೆ ಪತ್ತೆಹಚ್ಚಲು ರಸಾಯನವಿಜ್ಞಾನಿಗಳು ಬಳಸುತ್ತಿದ್ದ, 2014ರಲ್ಲಿ ‘ನೇಚರ್ ಪ್ರೋಟೊಕಾಲ್ಸ್’ನಲ್ಲಿ ಪ್ರಕಟವಾಗಿದ್ದ ಪೈಥಾನ್ ಸ್ಕ್ರಿಪ್ಟ್‌ಗಳು ಬೇರೆ ಬೇರೆ ಆಪರೇಟಿಂಗ್ ಸಿಸ್ಟಂನಲ್ಲಿ ಬೇರೆ ಬೇರೆ ಉತ್ತರ ಕೊಡುತ್ತಿವೆ ಎಂದು 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಹಿಡಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಫೈಲುಗಳು ಜೋಡಿಸಿದ ಕ್ರಮದಲ್ಲೇ ಬರುತ್ತವೆ ಎಂದು ಸ್ಕ್ರಿಪ್ಟ್ ನಂಬಿತ್ತು. ಕೆಲವು ಸಿಸ್ಟಂಗಳಲ್ಲಿ ಹಾಗೆ ಬರಲಿಲ್ಲ, ಒಂದರ ಅಂಕಿ ಇನ್ನೊಂದಕ್ಕೆ ಹೊಂದಿಕೊಂಡಿತು. ಪರಿಹಾರ, ಪಟ್ಟಿ ಬಂದ ಮೇಲೆ ಸಾರ್ಟ್ ಮಾಡುವ ಒಂದು ಸಾಲು.

ಸಾರ್ಟ್ ಮಾಡಿದರೂ ಯಾವ ಲೆಕ್ಕದ ಸಾರ್ಟ್ ಎಂಬ ಪ್ರಶ್ನೆ ಉಳಿಯುತ್ತದೆ. ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ 42 ಮದನಿಕೆಯರು, ಹೊರಗೆ 38, ಒಳಗೆ 4. ‘ಮದನಿಕೆ1’ರಿಂದ ‘ಮದನಿಕೆ42’ರವರೆಗೆ ಫೋಟೋಗಳಿಗೆ ಹೆಸರಿಡಿ. ಅಕ್ಷರ ನೋಡಿ ಜೋಡಿಸುವ ಪ್ರೋಗ್ರಾಂನಲ್ಲಿ 1ರ ಹಿಂದೆಯೇ 10ರಿಂದ 19, ಆಮೇಲೆ 2, ಅದರ ಬೆನ್ನಿಗೆ 20ರಿಂದ 29. 5ನೆಯ ಮದನಿಕೆ 42ನೆಯವಳಾದ ಮೇಲೆ ಬರುತ್ತಾಳೆ. ವಿಂಡೋಸಿನ ಎಕ್ಸ್‌ಪ್ಲೋರರ್ ಅಂಕಿಯನ್ನು ಅಂಕಿಯಾಗಿಯೇ ಓದಿ ಸರಿಯಾಗಿ ತೋರಿಸುತ್ತದೆ. ಆದರೆ ಅದು ಎಕ್ಸ್‌ಪ್ಲೋರರ್ ಮಾಡುವ ಅಲಂಕಾರ, ಫೋಲ್ಡರಿನ ಗುಣವಲ್ಲ. 01, 02 ಎಂದು ಸೊನ್ನೆ ಹಚ್ಚಿದರೆ ಎಲ್ಲ ಕಡೆಯೂ ಪಾರು.

ಕನ್ನಡ ಅಕ್ಷರಗಳಿಗೂ ಇದೇ ಪಾಡು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಳಕಾರದ ಜಾಗ ಲ ಮತ್ತು ವ ನಡುವೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ಆಚೆ, ಕಟ್ಟಕಡೆಗೆ. ಹಾಗಾಗಿ ‘ಹಳೇಬೀಡು’, ‘ಹಸ್ತಪ್ರತಿ’ ಎಂಬ ಎರಡು ಫೋಲ್ಡರ್ ಇದ್ದರೆ ನಿಘಂಟಿನ ಪ್ರಕಾರ ಹಸ್ತಪ್ರತಿ ಮೊದಲು ಬರಬೇಕು. ಬರೀ ಸಂಖ್ಯೆ ನೋಡಿ ಜೋಡಿಸುವ ಪ್ರೋಗ್ರಾಂ ಹಳೇಬೀಡನ್ನು ಮುಂದೆ ತರುತ್ತದೆ.

ತಪ್ಪು ಕಲ್ಪನೆ: ಪರದೆಯ ಮೇಲೆ ಒಂದೇ ಥರ ಕಾಣುವ ಹೆಸರು ಒಂದೇ ಹೆಸರು.

ವಾಸ್ತವ: ಇಲ್ಲಿ ಮೊದಲು ಹೇಳಿದ ಮೂರು ಊರುಗಳಿಗೆ ಒಂದು ವಿಚಿತ್ರ ಯೋಗ ಕೂಡಿಬಂದಿದೆ. ಯೂನಿಕೋಡ್ ಕೆಲವು ಕನ್ನಡ ಸ್ವರಚಿಹ್ನೆಗಳನ್ನು ಎರಡು ಥರ ಬರೆಯಲು ಬಿಡುತ್ತದೆ. ಏಕಾರವನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಇಲ್ಲವೇ ಎಕಾರ ಮತ್ತು ದೀರ್ಘದ ಗುರುತು ಎಂದು ಎರಡಾಗಿ ಒಡೆದು ಇಡಬಹುದು. ಈಕಾರವೂ ಹಾಗೆಯೇ: ಒಂದೇ ಚಿಹ್ನೆ, ಇಲ್ಲವೇ ಇಕಾರ ಮತ್ತು ದೀರ್ಘ. ಐಕಾರ, ಒಕಾರಗಳೂ ಒಡೆಯುತ್ತವೆ. ಓಕಾರವಂತೂ ಮೂರು ತುಂಡಾಗುತ್ತದೆ. ಪರದೆಯ ಮೇಲೆ ಕಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲ. ಬೇಲೂರಿನಲ್ಲಿ ಏಕಾರವಿದೆ. ಅರಸೀಕೆರೆಯಲ್ಲಿ ಈಕಾರವಿದೆ. ಹಳೇಬೀಡಿನಲ್ಲಿ ಎರಡೂ ಇವೆ.

ಲೆಕ್ಕ ಹೀಗೆ. ಕೂಡಿಸಿ ಬರೆದರೆ ಬೇಲೂರು 18 ಬೈಟ್, ಒಡೆದು ಬರೆದರೆ 21. ಅರಸೀಕೆರೆ 24, ಒಡೆದರೆ 27. ಹಳೇಬೀಡು 21 ಇದ್ದದ್ದು ಒಡೆದಾಗ 27.

ವಿಂಡೋಸ್, ಲಿನಕ್ಸ್‌ಗಳ ಸಾಮಾನ್ಯ ಕನ್ನಡ ಕೀಲಿಮಣೆಗಳು ಕೂಡಿದ ರೂಪವನ್ನು ಮೂಡಿಸುತ್ತವೆ. ಆ್ಯಪಲ್‌ನ ಹಳೆಯ ಫೈಲ್ ಸಿಸ್ಟಂ ಎಚ್‌ಎಫ್‌ಎಸ್ ಪ್ಲಸ್, ನೀವು ಹೇಗೇ ಟೈಪ್ ಮಾಡಿದರೂ, ಒಡೆದೇ ಇಡುತ್ತಿತ್ತು. ಆ ಮ್ಯಾಕ್‌ನಲ್ಲಿ ‘ಬೇಲೂರು’ ಫೋಲ್ಡರನ್ನು ಜಿಪ್ ಮಾಡಿ ಕಳಿಸಿದರೆ ಒಳಗಿರುವುದು 21 ಬೈಟ್‌ನ ಬೇಲೂರು. ನಿಮ್ಮ ಲಿನಕ್ಸ್ ಅಥವಾ ವಿಂಡೋಸಿನಲ್ಲಿ ಅದಾಗಲೇ ಕೂಡಿಸಿ ಬರೆದ ಬೇಲೂರು ಇದೆ. ಜಿಪ್ ಬಿಚ್ಚಿದರೆ ಪಕ್ಕಪಕ್ಕದಲ್ಲಿ ಎರಡು ಬೇಲೂರು! ಇಎಕ್ಸ್‌ಟಿ4ಗಾಗಲಿ ಎನ್‌ಟಿಎಫ್‌ಎಸ್‌ಗಾಗಲಿ ಇದರಲ್ಲಿ ತಕರಾರಿಲ್ಲ. ಅವು ಅಕ್ಷರ ಓದುವುದಿಲ್ಲ, ಸಂಖ್ಯೆ ಹೋಲಿಸುತ್ತವೆ, ಸಂಖ್ಯೆ ಬೇರೆ. ರೀಡ್‌ಡಿರ್ ಕೂಡ ಎರಡನ್ನೂ ಪ್ರಾಮಾಣಿಕವಾಗಿ ಕೊಡುತ್ತದೆ. ಹುಡುಕುವಾಗ ಒಂದು ಮಾತ್ರ ಸಿಗುತ್ತದೆ, ಇನ್ನೊಂದರಲ್ಲಿರುವ ಫೋಟೋ ‘ಇಲ್ಲ’ವಾಗುತ್ತದೆ.

2017ರಲ್ಲಿ ಮ್ಯಾಕ್‌ಗೆ ಬಂದ ಎಪಿಎಫ್‌ಎಸ್, ಬಂದ ಹೆಸರನ್ನು ಬಂದ ಹಾಗೆಯೇ ಇಟ್ಟು, ಹೋಲಿಸುವಾಗ ಮಾತ್ರ ಎರಡೂ ಒಂದೇ ಎಂದು ತಿಳಿಯುತ್ತದೆ. ಇದು ವಿವೇಕದ ದಾರಿ. ಆದರೆ ಹಳೆಯ ಡಿಸ್ಕ್‌ನಿಂದ ಬಂದ ಒಡೆದ ಹೆಸರುಗಳು ಹಾಗೆಯೇ ಓಡಾಡುತ್ತಿವೆ. ಪ್ರೋಗ್ರಾಮರುಗಳ ನಿತ್ಯದ ಸಾಧನವಾದ ಗಿಟ್ ಕೂಡ ಇದಕ್ಕೆಂದೇ 2012ರಲ್ಲಿ ಒಂದು ಸೆಟ್ಟಿಂಗ್ ಸೇರಿಸಿಕೊಳ್ಳಬೇಕಾಯಿತು.

ಪ್ರೋಗ್ರಾಂ ಬರೆಯುವವರಿಗೆ ಮದ್ದು ಗೊತ್ತಿರುವಂಥದೇ: ಎರಡು ಹೆಸರು ಹೋಲಿಸುವ ಮುನ್ನ ಎರಡನ್ನೂ ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ತನ್ನಿ. ಪೈಥಾನ್‌ನಲ್ಲಿ ಇದು ಒಂದೇ ಸಾಲು. ಇಂಗ್ಲಿಷ್ ಹೆಸರಿನ ಫೋಲ್ಡರುಗಳಲ್ಲೇ ಪರೀಕ್ಷೆ ಮುಗಿಸುವವರಿಗೆ ಈ ಸಾಲಿನ ಅಗತ್ಯ ಎಂದೂ ಕಾಣುವುದಿಲ್ಲ. ಕನ್ನಡದ ತಂತ್ರಾಂಶ ಎಂದು ಹೇಳಿಕೊಂಡು ಮಾರುವವರೂ ಇದನ್ನು ಬಿಡುತ್ತಾರೆ ಎಂಬುದು ನನ್ನ ನಿಜವಾದ ತಕರಾರು.

ಎನ್‌ಎಫ್‌ಸಿಗೂ ಬಗ್ಗದ್ದು ಒಂದಿದೆ. ‘ಅರಸೀಕೆರೆ ಜಂಕ್ಷನ್’ ಎಂದು ಬರೆಯುವಾಗ ಕೊನೆಯ ನ್ ಆದ ಮೇಲೆ, ಒತ್ತಕ್ಷರ ಆಗದಂತೆ ತಡೆಯುವ ಒಂದು ಅದೃಶ್ಯ ಚಿಹ್ನೆಯನ್ನು ಕೆಲವು ಕೀಲಿಮಣೆ ಮತ್ತು ಪರಿವರ್ತಕಗಳು ಸೇರಿಸುತ್ತವೆ. ಪದದ ನಡುವೆ ಅದು ಬೇಕು. ಪದದ ಕೊನೆಯಲ್ಲಿ ಅದಕ್ಕೆ ಕೆಲಸವಿಲ್ಲ, ಕಾಣುವುದೂ ಇಲ್ಲ, ಆದರೆ 3 ಬೈಟ್ ಸೇರಿ ಹೆಸರು ಬೇರೆಯಾಗಿಬಿಡುತ್ತದೆ.

ಇದೆಲ್ಲ ಗೊತ್ತಿದ್ದೋ ಗೊತ್ತಿಲ್ಲದೆಯೋ ನಮ್ಮ ಡಿಟಿಪಿಯವರು ಫೈಲಿಗೆ ಇಂಗ್ಲಿಷಿನಲ್ಲೇ ಹೆಸರಿಡುತ್ತಾರೆ. ಅದಕ್ಕೆ ಹಳೆಯ ಕಾರಣವೂ ಇದೆ. ಯೂನಿಕೋಡ್ ಪೂರ್ವದ ನುಡಿ, ಬರಹ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ತುಂಡುಗಳನ್ನು ಕೂರಿಸಿದ್ದವು. ಪುಟದೊಳಗೆ ಚೆಂದದ ಕನ್ನಡ. ಅದನ್ನೇ ಫೈಲಿನ ಹೆಸರಿಗೆ ಅಂಟಿಸಿದರೆ ಫೋಲ್ಡರಿನಲ್ಲಿ ಕಾಣುವುದು ಕೊಂಬು-ಬಾಲದ ರೋಮನ್ ಅಕ್ಷರಗಳ ಗೋಜಲು.

ತಪ್ಪು ಕಲ್ಪನೆ: ದೊಡ್ಡಕ್ಷರ, ಚಿಕ್ಕಕ್ಷರದ ಗೊಂದಲ ಎಲ್ಲ ಭಾಷೆಗೂ ಇದ್ದದ್ದೇ.

ವಾಸ್ತವ: ಕನ್ನಡಕ್ಕೆ ಇಲ್ಲ. ಇಂಗ್ಲಿಷಿನಲ್ಲಿ ದೊಡ್ಡ ‘ಬಿ’ಯಿಂದ ಬರೆದ ಬೇಲೂರು, ಚಿಕ್ಕ ‘ಬಿ’ಯಿಂದ ಬರೆದ ಬೇಲೂರು ಲಿನಕ್ಸಿಗೆ ಎರಡು, ವಿಂಡೋಸಿಗೆ ಒಂದು. ಈ ಒಂದು ತಲೆನೋವಿನಿಂದ ನಮ್ಮ ಲಿಪಿ ನಮ್ಮನ್ನು ಕಾಪಾಡಿದೆ.

ತಪ್ಪು ಕಲ್ಪನೆ: ಚುಕ್ಕಿಯಿಂದ ಶುರುವಾಗುವ ಫೈಲುಗಳನ್ನು ಸಿಸ್ಟಂ ಅಡಗಿಸಿಡುತ್ತದೆ.

ವಾಸ್ತವ: ಸಿಸ್ಟಂ ಏನನ್ನೂ ಅಡಗಿಸುವುದಿಲ್ಲ. ರೀಡ್‌ಡಿರ್ ಅವುಗಳನ್ನೂ ಉಳಿದವುಗಳ ಜೊತೆಗೇ ಕೊಡುತ್ತದೆ. ತೋರಿಸದೆ ಬಿಡುವುದು ಪಟ್ಟಿ ಮಾಡುವ ಪ್ರೋಗ್ರಾಂ. ಯೂನಿಕ್ಸ್ ಡೈರೆಕ್ಟರಿಯಲ್ಲಿ ‘ನಾನೇ’ ಎನ್ನುವುದಕ್ಕೆ ಒಂದು ಚುಕ್ಕಿ, ‘ನನ್ನ ಮೇಲಿನದು’ ಎನ್ನುವುದಕ್ಕೆ ಎರಡು ಚುಕ್ಕಿಯ ಹೆಸರುಗಳಿದ್ದವು. ಅವು ಪಟ್ಟಿಯಲ್ಲಿ ಕಾಣಬಾರದೆಂದು ಬರೆದ ಅವಸರದ ಕೋಡ್ ಚುಕ್ಕಿಯಿಂದ ಶುರುವಾಗುವ ಎಲ್ಲವನ್ನೂ ಬಿಟ್ಟುಬಿಟ್ಟಿತು, ಅದೇ ಸಂಪ್ರದಾಯವಾಯಿತು ಎಂದು ಯೂನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ ಬರೆದಿದ್ದಾರೆ. ವಿಂಡೋಸಿನಲ್ಲಿ ಅಡಗಿಸುವುದಕ್ಕೆ ಬೇರೆಯೇ ಗುರುತಿದೆ. ಚುಕ್ಕಿಗೆ ಅಲ್ಲಿ ಬೆಲೆಯಿಲ್ಲ.

ಅರಸೀಕೆರೆಯ ಸ್ಟೂಡಿಯೋದವರಿಗೆ ಇದು ಕಾಣುವುದು ಬೇರೆ ರೂಪದಲ್ಲಿ. ಬೆಂಗಳೂರಿನಿಂದ ಯಾರೋ ಮ್ಯಾಕ್‌ನಲ್ಲಿ ತುಂಬಿದ ಪೆನ್‌ಡ್ರೈವ್ ತಂದುಕೊಡುತ್ತಾರೆ. ವಿಂಡೋಸಿನಲ್ಲಿ ತೆರೆದರೆ ಪ್ರತಿ ಫೋಟೋಗೂ ಒಂದೊಂದು ಜೋಡಿ: ಒಂದು ನಿಜವಾದದ್ದು, ಇನ್ನೊಂದು ಚುಕ್ಕಿ-ಅಡಿಗೆರೆಯಿಂದ ಶುರುವಾಗುವ 4 ಕೆಬಿಯದು. ಆಲ್ಬಂ ಸಾಫ್ಟ್‌ವೇರ್ ಅದನ್ನೂ ಫೋಟೋ ಎಂದು ತಿಳಿದು ತೆರೆಯಲು ಹೋಗಿ ‘ಫೈಲ್ ಕೆಟ್ಟಿದೆ’ ಎನ್ನುತ್ತದೆ. ಅದು ಮ್ಯಾಕ್ ತನ್ನ ಹೆಚ್ಚುವರಿ ಮಾಹಿತಿ ಇಟ್ಟುಕೊಳ್ಳಲು ಬರೆದ ಫೈಲು. ಧೈರ್ಯವಾಗಿ ಅಳಿಸಬಹುದು. ನಿಜವಾದ ಫೋಟೋಗೆ ಏನೂ ಆಗುವುದಿಲ್ಲ.

ತಪ್ಪು ಕಲ್ಪನೆ: ಫೋಲ್ಡರಿಗೆ ಏನು ಬೇಕಾದರೂ, ಎಷ್ಟುದ್ದ ಬೇಕಾದರೂ ಹೆಸರಿಡಬಹುದು.

ವಾಸ್ತವ: ಜಮೀನಿನ ಕಾಗದ ಸ್ಕ್ಯಾನ್ ಮಾಡಿಸುವವರಿಗೆ ಇದು ಮೊದಲು ತಾಗುತ್ತದೆ. ಸರ್ವೆ ನಂಬರ್ 45/2 ಎಂದು ಪಹಣಿಯಲ್ಲಿರುವುದನ್ನು ಹಾಗೆಯೇ ಫೈಲಿಗೆ ಇಡಲಾಗುವುದಿಲ್ಲ. ಓರೆಗೆರೆ ಎಂದರೆ ಯೂನಿಕ್ಸಿಗೆ ಡೈರೆಕ್ಟರಿಯ ಗಡಿ. 45 ಎಂಬ ಫೋಲ್ಡರಿನೊಳಗಿನ 2 ಎಂದು ಅದು ಅರ್ಥ ಮಾಡಿಕೊಳ್ಳುತ್ತದೆ. ವಿಂಡೋಸ್ ಓರೆಗೆರೆಯ ಜೊತೆಗೆ ವಿವರಣ ಚಿಹ್ನೆ, ಪ್ರಶ್ನಾರ್ಥಕ, ನಕ್ಷತ್ರ, ಜೋಡಿ ಉದ್ಧರಣ ಮುಂತಾದವನ್ನೂ ಬಿಡುವುದಿಲ್ಲ. ಮ್ಯಾಕ್‌ನ ಫೈಂಡರ್‌ನಲ್ಲಿ 45/2 ಎಂದು ಬರೆಯಲು ಬರುತ್ತದೆ, ಹಾಗೆಯೇ ಕಾಣುತ್ತದೆ. ಒಳಗೆ ಮಾತ್ರ ಓರೆಗೆರೆಯ ಬದಲು ವಿವರಣ ಚಿಹ್ನೆ ಇರುತ್ತದೆ. ಅದನ್ನು ವಿಂಡೋಸಿಗೆ ಒಯ್ದಾಗ ತಗಾದೆ ಶುರು. 45-2 ಎಂದು ಅಡ್ಡಗೆರೆ ಹಾಕಿ, ಜಗಳವೇ ಇಲ್ಲ.

ಉದ್ದದ ಮಾತು: ಎನ್‌ಟಿಎಫ್‌ಎಸ್‌ನಲ್ಲಿ 255 ಚಿಹ್ನೆ, ಇಎಕ್ಸ್‌ಟಿ4ನಲ್ಲಿ 255 ಬೈಟ್. ಇಂಗ್ಲಿಷಿನವರಿಗೆ ಎರಡೂ ಒಂದೇ. ನಮಗೆ ಲಿನಕ್ಸ್‌ನಲ್ಲಿ ಸಿಗುವುದು 85 ಚಿಹ್ನೆ, ಒತ್ತಕ್ಷರ ಹೆಚ್ಚಿದ್ದರೆ ಇನ್ನೂ ಕಡಿಮೆ ಅಕ್ಷರ. ಸುತ್ತೋಲೆಯ ‘ವಿಷಯ’ದ ಸಾಲನ್ನು ಇಡಿಯಾಗಿ ಫೈಲಿನ ಹೆಸರು ಮಾಡುವ ರೂಢಿಯಿರುವ ಕಚೇರಿಗಳು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ತಪ್ಪು ಕಲ್ಪನೆ: ಓದುವ ಮಾನದಂಡ ಇದ್ದರೆ ಸಾಕು, ಹೆಸರಿನ ಮಾನದಂಡ ತಾನಾಗಿ ಬರುತ್ತದೆ.

ವಾಸ್ತವ: ಎರಡೂ ಬೇರೆ ಬೇರೆ ಕೆಲಸ. ಕ್ಯಾಮೆರಾ ಕಾರ್ಡ್ ಯಾವ ಕಂಪ್ಯೂಟರಿಗೆ ಹಾಕಿದರೂ ಸಲೀಸಾಗಿ ತೆರೆಯುವುದಕ್ಕೆ ಕಾರಣ 1998ರಲ್ಲಿ ಜಪಾನಿನ ಜೇಡಾ ಸಂಘ ಮಾಡಿದ ಹೆಸರಿನ ನಿಯಮ: ಡಿಸಿಐಎಂ ಎಂಬ ಫೋಲ್ಡರ್, ಅದರೊಳಗೆ 100ರಿಂದ 999ರವರೆಗಿನ ಅಂಕಿ ಮತ್ತು ಐದು ಅಕ್ಷರದ ಫೋಲ್ಡರುಗಳು, ಫೈಲಿಗೆ ನಾಲ್ಕು ಅಕ್ಷರ ಮತ್ತು ನಾಲ್ಕು ಅಂಕಿ. 9999 ಆದ ಮೇಲೆ ಎಣಿಕೆ ಮತ್ತೆ ಮೊದಲಿನಿಂದ. ಒಂದೇ ಕಂಪನಿಯ ಎರಡು ಕ್ಯಾಮೆರಾ ಮದುವೆಗೆ ಹೋದರೆ ಒಂದೇ ಹೆಸರಿನ ಎರಡು ಫೋಟೋ ಹುಟ್ಟುವುದೂ ಈ ನಿಯಮದಿಂದಲೇ. ಒಂದೇ ಫೋಲ್ಡರಿಗೆ ಸುರಿಯಬೇಡಿ.

ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಈ ಸೀಮೆಯ ಶಾಸನಗಳಿಗೆ ಇಂಥದೊಂದು ನಿಯಮ ಸಿಕ್ಕಿತ್ತು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟ, ಐದನೆಯದು, 1902ರಲ್ಲಿ ಬಂತು. ತಾಲ್ಲೂಕಿನ ಹೆಸರು, ಅದರ ಮುಂದೆ ಸಂಖ್ಯೆ: ಬೇಲೂರು 58, ಅರಸೀಕೆರೆ 71. ಧಾರವಾಡದಲ್ಲಿ ಕೂತವರೂ ಲಂಡನ್ನಿನಲ್ಲಿ ಕೂತವರೂ ಇಷ್ಟು ಹೇಳಿದರೆ ಯಾವ ಕಲ್ಲು ಎಂದು ತಿಳಿಯುತ್ತಿತ್ತು. ಹಳೇಬೀಡಿಗೆ ಇದರಲ್ಲಿ ಸ್ವಂತ ವಿಭಾಗವಿಲ್ಲ. ಅದು ಬೇಲೂರು ತಾಲ್ಲೂಕಿನ ಊರಾದ್ದರಿಂದ ಅಲ್ಲಿನ ಶಾಸನಗಳೂ ಬೇಲೂರಿನ ಸಂಖ್ಯೆಯೊಳಗೇ ಸಿಗುತ್ತವೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರು 9ನೆಯ ಸಂಪುಟಕ್ಕೂ ಅರಸೀಕೆರೆ 10ನೆಯದಕ್ಕೂ ಹೋಗಿ ಸಂಖ್ಯೆಗಳೂ ಬದಲಾದವು. ಶಾಸನದ ಫೋಟೋಗಳಿಗೆ ಹೆಸರಿಡುವ ವಿದ್ಯಾರ್ಥಿಗಳು ಹಳೆಯ ಸಂಖ್ಯೆಯೋ ಹೊಸದೋ ಎಂಬುದನ್ನು ಫೋಲ್ಡರಿನ ಹೆಸರಲ್ಲೇ ಬರೆಯಬೇಕು. ಅದನ್ನು ಯಾವ ಪಾಸಿಕ್ಸೂ ಹೇಳಿಕೊಡುವುದಿಲ್ಲ.

ತಪ್ಪು ಕಲ್ಪನೆ: ಪಟ್ಟಿ ಎಂದರೆ ಆ ಕ್ಷಣದ ಪೂರ್ತಿ ಚಿತ್ರ, ಅಳತೆ, ತಾರೀಖು ಎಲ್ಲ ಅದರಲ್ಲೇ ಇರುತ್ತದೆ.

ವಾಸ್ತವ: ರೀಡ್‌ಡಿರ್ ಕೊಡುವುದು ಹೆಸರು. ಅಳತೆ, ತಾರೀಖು ಬೇಕಾದರೆ ಪ್ರತಿ ಹೆಸರಿಗೂ ಇನ್ನೊಂದು ಸಲ ಕೇಳಬೇಕು. ಹತ್ತು ಸಾವಿರ ಫೈಲಿದ್ದರೆ ಹತ್ತು ಸಾವಿರ ಸಲ. ನೆಟ್‌ವರ್ಕ್‌ನಲ್ಲಿರುವ ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಕಾಯುವುದು ಬಹಳ ಸಲ ಇದಕ್ಕೇ. ವಿಂಡೋಸ್ ಹೆಸರಿನ ಜೊತೆಗೇ ಅಳತೆ, ತಾರೀಖನ್ನೂ ಕೊಡುತ್ತದೆ. ಆದರೆ ಪೈಥಾನ್ ಬಹುಕಾಲ ಆ ಮಾಹಿತಿಯನ್ನು ಬಿಸಾಡಿ ಮತ್ತೆ ಒಂದೊಂದಾಗಿ ಕೇಳುತ್ತಿತ್ತು. 2015ರ ಪೈಥಾನ್ 3.5ರಲ್ಲಿ ಬೆನ್ ಹಾಯ್ಟ್ ಅವರ ಸ್ಕ್ಯಾನ್‌ಡಿರ್ ಬಂದು ಇದನ್ನು ಸರಿಪಡಿಸಿತು. ಡೈರೆಕ್ಟರಿ ಸುತ್ತುವ ಕೆಲಸ ವಿಂಡೋಸಿನಲ್ಲಿ 8ರಿಂದ 9 ಪಟ್ಟು, ಯೂನಿಕ್ಸ್ ಬಳಗದಲ್ಲಿ 2ರಿಂದ 3 ಪಟ್ಟು ವೇಗವಾಯಿತು ಎಂದು ಅವರ ಪ್ರಸ್ತಾವದಲ್ಲೇ ಇದೆ.

ಇನ್ನು ಆ ಕ್ಷಣದ ಚಿತ್ರ ಎನ್ನುವುದು. ಓದಲು ಶುರು ಮಾಡಿದ ಮೇಲೆ ಹೊಸ ಫೈಲು ಬಂದರೆ ಅಥವಾ ಇದ್ದದ್ದು ಹೋದರೆ ಅದು ಪಟ್ಟಿಯಲ್ಲಿ ಬರಲೂಬಹುದು, ಬರದಿರಲೂಬಹುದು ಎಂದು ಪಾಸಿಕ್ಸ್ ಕೈ ತೊಳೆದುಕೊಂಡಿದೆ. ಬೇಲೂರು ಬಸ್ ನಿಲ್ದಾಣದಲ್ಲಿ ಹಿಂದಿನ ಬಾಗಿಲಿಂದ ಜನ ಹತ್ತುತ್ತಾ ಮುಂದಿನ ಬಾಗಿಲಿಂದ ಇಳಿಯುತ್ತಾ ಇರುವಾಗಲೇ ಕಂಡಕ್ಟರು ತಲೆ ಎಣಿಸಿದರೆ ಎಷ್ಟು ಸರಿ ಬಂದೀತೋ ಇದೂ ಅಷ್ಟೇ. ಸ್ಕ್ಯಾನರ್ ಇನ್ನೂ ಬರೆಯುತ್ತಿರುವ ಫೋಲ್ಡರನ್ನು ಎಣಿಸಿ ‘ಒಂದು ಪುಟ ಕಮ್ಮಿ’ ಎಂದು ಗಾಬರಿಯಾಗಬೇಡಿ.

ತಪ್ಪು ಕಲ್ಪನೆ: ಪಟ್ಟಿ ಮುಗಿಯಿತೆಂದರೆ ಎಲ್ಲ ಓದಿ ಆಯಿತು.

ವಾಸ್ತವ: ಮುಗಿದಾಗಲೂ ರೀಡ್‌ಡಿರ್ ‘ಏನೂ ಇಲ್ಲ’ ಎಂದೇ ಉತ್ತರಿಸುತ್ತದೆ, ನಡುವೆ ಕೆಟ್ಟಾಗಲೂ ಅದೇ ಉತ್ತರ. ವ್ಯತ್ಯಾಸ ತಿಳಿಯಬೇಕಾದರೆ ಕರೆಯುವ ಮುನ್ನ ಎರರ್ ಸಂಖ್ಯೆಯನ್ನು ಸೊನ್ನೆ ಮಾಡಿಟ್ಟು, ಆಮೇಲೆ ಅದು ಬದಲಾಯಿತೇ ಎಂದು ನೋಡಬೇಕು. ಪಠ್ಯಪುಸ್ತಕದ ಎಷ್ಟೋ ಉದಾಹರಣೆಗಳಲ್ಲಿ ಈ ಎರಡು ಸಾಲು ಇರುವುದಿಲ್ಲ. ಹಾಗೆ ಬರೆದ ಪ್ರೋಗ್ರಾಂ, ಸಡಿಲವಾದ ಯುಎಸ್‌ಬಿ ತೂತಿನಲ್ಲಿ ಪೆನ್‌ಡ್ರೈವ್ ಅರ್ಧಕ್ಕೇ ಕೈಬಿಟ್ಟರೂ ‘ಕಾಪಿ ಮುಗಿಯಿತು’ ಎಂದು ಹಸಿರು ಗುರುತು ತೋರಿಸಿಬಿಡಬಹುದು. ಮದುವೆಯದಾಗಲಿ ಶಾಸನದ್ದಾಗಲಿ, ಕ್ಯಾಮೆರಾ ಕಾರ್ಡನ್ನು ಫಾರ್ಮ್ಯಾಟ್ ಮಾಡುವ ಮುನ್ನ ಎರಡೂ ಕಡೆಯ ಫೈಲುಗಳ ಸಂಖ್ಯೆಯನ್ನೂ ಒಟ್ಟು ಅಳತೆಯನ್ನೂ ನೀವೇ ಒಮ್ಮೆ ತಾಳೆ ನೋಡಿಕೊಳ್ಳಿ.